ಉಸಿರು ಕಾಯುವವರ ಹೆಸರು

ಆಂಬುಲೆನ್ಸಿನಲ್ಲಿ ರೋಗಿಯ ತಲೆಯ ಪಕ್ಕಕ್ಕೆ ಕಟ್ಟಿ ನಿಲ್ಲಿಸಿರುತ್ತಾರಲ್ಲ, ಆ ಆಕ್ಸಿಜನ್ ಸಿಲಿಂಡರ್‌ಗೆ ಬಿ ಟೈಪ್ ಎನ್ನುತ್ತಾರೆ. ತುಂಬಿದಾಗ ಅದರಲ್ಲಿ ಸುಮಾರು 1,500 ಲೀಟರ್ ಅನಿಲ ಇರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಬಿಟ್ಟರೆ 150 ನಿಮಿಷ, ಅಂದರೆ ಎರಡೂವರೆ ಗಂಟೆ ಬರುತ್ತದೆ. 2 ಲೀಟರಿನಂತೆ ಬಿಟ್ಟರೆ ಹನ್ನೆರಡೂವರೆ ಗಂಟೆ. ಪ್ರೈಮರಿ ಶಾಲೆಯ ಭಾಗಾಕಾರ ಇದು. ನಾನು ಇದರ ಅರ್ಥ ತಿಳಿದದ್ದು ಮಾತ್ರ ದಿಂಬಂ ಘಾಟಿಯ ತಿರುವುಗಳಲ್ಲಿ, ಸೋದರತ್ತೆಯನ್ನು ಭುಜಕ್ಕೆ ಒರಗಿಸಿಕೊಂಡು ಕೂತಿದ್ದಾಗ.

ಅತ್ತೆ ತಾಳವಾಡಿ ಸೀಮೆಯವಳು. ಕನ್ನಡ ನಾಡಿನ ಬಹುಪಾಲು ಜನಕ್ಕೆ ತಾಳವಾಡಿ ಎಂದರೆ ಡಾ. ರಾಜ್‌ಕುಮಾರ್ ಅವರ ಗಾಜನೂರು, ಅವರ ಅಪಹರಣವಾದ 2000ದ ಜುಲೈ 30ರ ಆ ರಾತ್ರಿ. ಅಲ್ಲಿ ಬದುಕುವವರಿಗೆ ಅದು ರಾಗಿ, ಮುಸುಕಿನ ಜೋಳ, ಆಲೂಗಡ್ಡೆ, ಎಲೆಕೋಸು ಬೆಳೆಯುವ ಮಲೆಯ ಮೇಲಿನ ಬಯಲು. ಸುತ್ತ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಮನೆಮಾತು ಕನ್ನಡ, ನೆಂಟಸ್ತಿಕೆ ಚಾಮರಾಜನಗರದ ಕಡೆಗೆ, ಕಚೇರಿ ಕಾಗದ ಈರೋಡ್ ಜಿಲ್ಲೆಯದು, ಅದರ ಭಾಷೆ ತಮಿಳು. ತಾಳವಾಡಿಗೆ ತಾಲ್ಲೂಕು ಎಂಬ ಪಟ್ಟ ಸಿಕ್ಕಿದ್ದೂ ಈಚೆಗೆ, 2016ರಲ್ಲಿ. ಅದಕ್ಕೆ ಮುಂಚೆ ಪ್ರತಿಯೊಂದಕ್ಕೂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗಬೇಕಿತ್ತು.

ಅವಳಿಗೆ ಗೂರಲು. ಡಾಕ್ಟರು ಅದನ್ನು ಸಿಒಪಿಡಿ ಎಂದು ಬರೆದಿದ್ದರು. ಬೀಡಿ ಸಿಗರೇಟು ಮುಟ್ಟಿದವಳಲ್ಲ. ಆದರೆ ನಲವತ್ತು ವರ್ಷ ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಸೌದೆ ಒಲೆ ಊದಿದವಳು. ಒಲೆಯ ಹೊಗೆಯನ್ನು ಅಳೆಯಲು ಸಂಶೋಧಕರು ಒಂದು ಸರಳ ಲೆಕ್ಕ ಇಟ್ಟುಕೊಂಡಿದ್ದಾರೆ: ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಅದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸುವುದು. ಮೈಸೂರು ಸೀಮೆಯ ಹಳ್ಳಿಗಳ ಹೆಂಗಸರಲ್ಲಿ ನಡೆದ ಅಧ್ಯಯನವೊಂದು, ಈ ಗುಣಲಬ್ಧ 60 ದಾಟಿದರೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಎದ್ದು ಕಾಣುತ್ತದೆ ಎಂದು ಕಂಡುಕೊಂಡಿತು. ಅತ್ತೆಯದು ದಿನಕ್ಕೆ ನಾಲ್ಕು ಗಂಟೆ ಎಂದರೂ 160.

ಕೋವಿಡ್‌ಗೆ ಮುಂಚಿನ ಒಂದು ಚಳಿಗಾಲದ ನಡುರಾತ್ರಿ ಅವಳ ಉಬ್ಬಸ ಹೆಚ್ಚಿತು. ಚಾಮರಾಜನಗರ ಹತ್ತಿರ, ರಸ್ತೆಯೂ ಸಲೀಸು. ಆದರೆ ವಿಮೆಯ ಕಾರ್ಡು ತಮಿಳುನಾಡು ಸರ್ಕಾರದ್ದು. ಗಡಿ ದಾಟಿದರೆ ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂಬ ಅಂಜಿಕೆ. ಹೀಗಾಗಿ ಹಾಸನೂರು, ದಿಂಬಂ, ಬಣ್ಣಾರಿ ಮಾರ್ಗವಾಗಿ ಕೆಳಗಿಳಿಯುವುದೆಂದು ಹಿರಿಯರು ತೀರ್ಮಾನಿಸಿದರು. ದಿಂಬಂನಿಂದ ಬಣ್ಣಾರಿಯವರೆಗೆ 27 ಹೇರ್‌ಪಿನ್ ತಿರುವು. ಕಬ್ಬಿನ ಲಾರಿಯೊಂದು ತಿರುವಿನಲ್ಲಿ ಸಿಕ್ಕಿಕೊಂಡರೆ ಬೆಳಗಾಗುವವರೆಗೆ ಅಲ್ಲೇ. 2022ರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಆ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ಆಂಬುಲೆನ್ಸಿಗೆ ಅಡ್ಡಿಯಿಲ್ಲ. ಆಗ ನಿರ್ಬಂಧವಿರಲಿಲ್ಲ, ಲಾರಿಗಳಿದ್ದವು.

ಖಾಸಗಿ ಆಂಬುಲೆನ್ಸು. ಡ್ರೈವರ್ ಜೊತೆಗೊಬ್ಬ ಸಹಾಯಕ. ಅವನು ಅತ್ತೆಯ ಮೂಗು ಬಾಯಿಗೆ ಮಾಸ್ಕ್ ಹಾಕಿ ಕೀಲಿಯನ್ನು ಪೂರ್ತಿ ತಿರುಗಿಸಿದ. ಒಳ್ಳೆಯ ಮನಸ್ಸಿನಿಂದಲೇ ತಿರುಗಿಸಿದ. ಉಸಿರು ಸಿಗದವಳಿಗೆ ಎಷ್ಟು ಕೊಟ್ಟರೂ ಕಡಿಮೆಯೇ ಎಂದು ಅವನೂ ಅಂದುಕೊಂಡ, ನಾವೂ ಅಂದುಕೊಂಡೆವು. ಹಾಸನೂರು ದಾಟುವ ಹೊತ್ತಿಗೆ ಅವಳ ಏದುಸಿರು ತಗ್ಗಿತು, ಕಣ್ಣು ಮುಚ್ಚಿತು. ನಿದ್ದೆ ಬಂತು, ಸದ್ಯ, ಎಂದು ನಾವು ಸಮಾಧಾನಪಟ್ಟೆವು. ಬಣ್ಣಾರಿ ಅಮ್ಮನ ಗುಡಿಯ ದೀಪ ಕಾಣುವ ಹೊತ್ತಿಗೆ ಸಿಲಿಂಡರಿನ ಮುಳ್ಳು ಕೆಂಪು ಮುಟ್ಟಿತ್ತು. ಆಸ್ಪತ್ರೆ ಇನ್ನೂ ದೂರವಿತ್ತು. ಕೂಗಿದರೂ ಅವಳು ಓಗೊಡಲಿಲ್ಲ.

ಕೊನೆಗೆ ಹೇಗೋ ಆಸ್ಪತ್ರೆ ಮುಟ್ಟಿದೆವು. ಐಸಿಯುನಲ್ಲಿ ಡ್ಯೂಟಿ ಡಾಕ್ಟರ ಪಕ್ಕದಲ್ಲಿ ಇಪ್ಪತ್ತೈದರ ಆಸುಪಾಸಿನ ಹುಡುಗನೊಬ್ಬ ಇದ್ದ. ಅತ್ತೆಯ ಮಣಿಕಟ್ಟಿನ ಅಪಧಮನಿಯಿಂದ ಒಂದಿಷ್ಟು ರಕ್ತ ತೆಗೆದು ಪಕ್ಕದ ಯಂತ್ರಕ್ಕೆ ಕೊಟ್ಟ. ಚೀಟಿ ಬಂದ ಕೂಡಲೇ ಡಾಕ್ಟರಿಗೆ ತೋರಿಸಿದ. ಇಬ್ಬರೂ ಎರಡು ಮಾತಾಡಿದರು. ಹುಡುಗ ಬಂದು ಆಕ್ಸಿಜನ್ನನ್ನು ಇಳಿಸಿದ. ಆಮೇಲೆ ಮುಖಕ್ಕೆ ಬಿಗಿಯಾಗಿ ಕೂರುವ ಬೇರೊಂದು ಮಾಸ್ಕ್ ಕಟ್ಟಿ, ಬೈಪ್ಯಾಪ್ ಎಂಬ ಯಂತ್ರಕ್ಕೆ ಜೋಡಿಸಿದ. ಅತ್ತೆಯ ಮಗ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಕೂಗಿಕೊಂಡ: ‘ಅಯ್ಯೋ, ಅವ್ವನ್ಗ ಗಾಳಿ ಕಮ್ಮಿ ಮಾಡ್ತಾವ್ನ ಕನಣ್ಣ!’

ಹುಡುಗ ಹೊರಗೆ ಬಂದ. ಮೊದಲು ತಮಿಳಿನಲ್ಲಿ, ನಮ್ಮ ಮುಖ ನೋಡಿ ಆಮೇಲೆ ತೊದಲುಗನ್ನಡದಲ್ಲಿ ತಿಳಿಸಿ ಹೇಳಿದ. ಬಹಳ ವರ್ಷದಿಂದ ಕೆಟ್ಟಿರುವ ಶ್ವಾಸಕೋಶ ಕಡಿಮೆ ಆಕ್ಸಿಜನ್ನಿಗೆ ಒಗ್ಗಿಕೊಂಡಿರುತ್ತದೆ. ಅಂಥವರಿಗೆ ಒಮ್ಮೆಲೇ ಸುರಿದರೆ, ಹೊರಹೋಗಬೇಕಾದ ಇಂಗಾಲದ ಡೈಆಕ್ಸೈಡ್ ಹೋಗದೆ ರಕ್ತದಲ್ಲೇ ಸೇರಿಕೊಳ್ಳುತ್ತದೆ. ಮೊದಲು ಮಂಪರು, ಆಮೇಲೆ ಪ್ರಜ್ಞೆ ತಪ್ಪುತ್ತದೆ, ಆಮೇಲೆ ಉಸಿರೇ ನಿಲ್ಲಬಹುದು. ಹೀಗಾಗಿ ಇವರ ರಕ್ತದ ಆಕ್ಸಿಜನ್ ಮಟ್ಟ 88ರಿಂದ 92ರ ನಡುವೆ ಇದ್ದರೆ ಸಾಕು, ನೂರು ಮುಟ್ಟಿಸಬಾರದು. ನಾವು ದಾರಿಯಲ್ಲಿ ನಿದ್ದೆ ಎಂದುಕೊಂಡದ್ದು ನಿದ್ದೆಯಾಗಿರಲಿಲ್ಲ.

ಇದು ಒಬ್ಬ ಹುಡುಗನ ಅಭಿಪ್ರಾಯವಲ್ಲವೆಂದು ನನಗೆ ಆಮೇಲೆ ಗೊತ್ತಾಯಿತು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸಿನ ಒಳಗೇ ನಡೆಸಿದ ಪ್ರಯೋಗವೊಂದರ ಫಲಿತಾಂಶ 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಗಿದೆ. ಉಸಿರಾಟದ ತೊಂದರೆಯ 405 ಮಂದಿಯಲ್ಲಿ ಒಂದು ಗುಂಪಿಗೆ ರೂಢಿಯಂತೆ ಹೆಚ್ಚು ಆಕ್ಸಿಜನ್, ಇನ್ನೊಂದಕ್ಕೆ 88–92ಕ್ಕೆ ತೂಗಿ ಅಳೆದ ಆಕ್ಸಿಜನ್. ಮೊದಲ ಗುಂಪಿನಲ್ಲಿ ನೂರಕ್ಕೆ 9 ಮಂದಿ ಸತ್ತರು, ಎರಡನೆಯದರಲ್ಲಿ 4. ಕೀಲಿ ಎಷ್ಟು ತಿರುಗಿಸಬೇಕು ಎಂಬ ಒಂದೇ ವಿಷಯದಲ್ಲಿ ಇಷ್ಟು ಅಂತರ. ಅತ್ತೆಗೆ ನಿಮಿಷಕ್ಕೆ 2 ಲೀಟರ್ ಕೊಟ್ಟಿದ್ದರೆ ಅವಳ ಪ್ರಜ್ಞೆಯೂ ಉಳಿಯುತ್ತಿತ್ತೇನೋ. ಸಿಲಿಂಡರಂತೂ ಆಸ್ಪತ್ರೆ ಮುಟ್ಟಿ ಮತ್ತೆ ತಾಳವಾಡಿಗೆ ವಾಪಸು ಬರುವಷ್ಟು ಉಳಿಯುತ್ತಿತ್ತು.

ಆ ಹುಡುಗನ ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿನ ಕೆಳಗೆ ‘ಟೆಕ್ನಿಷಿಯನ್’ ಎಂದಷ್ಟೇ ಇತ್ತು. ಅದೇ ಕಾರಿಡಾರಿನಲ್ಲಿ ಎಕ್ಸ್‌ರೇ ತೆಗೆಯುವವರ ಬಿಲ್ಲೆಯಲ್ಲೂ ಅದೇ ಪದ, ಏ.ಸಿ. ರಿಪೇರಿಗೆ ಬಂದವರ ಬಿಲ್ಲೆಯಲ್ಲೂ ಅದೇ. ಅವನು ಓದಿದ್ದು ಉಸಿರಾಟದ ಚಿಕಿತ್ಸೆಯಲ್ಲೇ ಬಿಎಸ್ಸಿ: ಮೂರು ವರ್ಷ ತರಗತಿ, ಒಂದು ವರ್ಷ ಇಂಟರ್ನ್‌ಶಿಪ್. ಇಂಥ ಕೋರ್ಸು ನಮ್ಮಲ್ಲಿ ಹೊಸದೇನಲ್ಲ. ಮಣಿಪಾಲದಲ್ಲಿದೆ, ವೆಲ್ಲೂರಿನ ಸಿಎಂಸಿಯಲ್ಲಿದೆ. ಕರ್ನಾಟಕದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಚೆನ್ನೈನ ಡಾ. ಎಂ.ಜಿ.ಆರ್. ವೈದ್ಯಕೀಯ ವಿಶ್ವವಿದ್ಯಾಲಯ ಎರಡೂ ಈ ವಿಷಯದಲ್ಲಿ ಪದವಿ ಕೊಡುತ್ತವೆ. ಒಳಗಿನವರು ಇವರನ್ನು ‘ಆರ್‌ಟಿ’ ಎಂದು ಕರೆಯುತ್ತಾರೆ, ರೆಸ್ಪಿರೇಟರಿ ಥೆರಪಿಸ್ಟ್ ಎಂಬುದರ ಗಿಡ್ಡ ರೂಪ. ವೆಂಟಿಲೇಟರ್ ಕೂರಿಸುವುದು, ರೋಗಿಯ ಉಸಿರಿನ ಲಯಕ್ಕೆ ಅದನ್ನು ಹೊಂದಿಸುವುದು, ಕಫ ತೆಗೆಯುವುದು, ಗಂಟಲಲ್ಲಿ ತೂತು ಮಾಡಿ ಇಟ್ಟ ಕೊಳವೆಯನ್ನು ನೋಡಿಕೊಳ್ಳುವುದು, ಅವಧಿಗೆ ಮುಂಚೆ ಹುಟ್ಟಿದ ಶಿಶುವಿಗೆ ಹದವರಿತು ಆಕ್ಸಿಜನ್ ಕೊಡುವುದು ಅವರ ಕೆಲಸ. ಈ ಶಿಶುಗಳ ವಿಷಯದಲ್ಲಿ ಹದ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಜಗತ್ತು 1940–50ರ ದಶಕದಲ್ಲಿ ಕಂಡಿದೆ: ಅತಿಯಾದ ಆಕ್ಸಿಜನ್‌ನಿಂದ ಸಾವಿರಾರು ಕೂಸುಗಳು ಕಣ್ಣು ಕಳೆದುಕೊಂಡವು. ಇನ್ನು ಎಲ್ಲಕ್ಕಿಂತ ಸೂಕ್ಷ್ಮವಾದದ್ದು ವೆಂಟಿಲೇಟರಿನಿಂದ ರೋಗಿಯನ್ನು ಬಿಡಿಸುವ ಗಳಿಗೆ. ಒಂದು ದಿನ ಮುಂಚೆ ಬಿಡಿಸಿದರೂ ಕಷ್ಟ, ಒಂದು ದಿನ ತಡವಾದರೂ ಕಷ್ಟ. ಮಗುವಿಗೆ ಮೊಲೆ ಬಿಡಿಸುವುದಕ್ಕೆ ಇಂಗ್ಲಿಷಿನಲ್ಲಿರುವ ಪದವನ್ನೇ ಈ ಕ್ರಿಯೆಗೂ ಬಳಸುತ್ತಾರೆ. ಅದನ್ನು ಮಾಡಿದ ಯಾವ ತಾಯಿಗಾದರೂ ಅದು ಎಂಥ ಹದದ ಕೆಲಸ ಎಂದು ಗೊತ್ತು.

ಇವರ ಕಸುಬಿನ ದೊಡ್ಡದೊಂದು ಭಾಗ ಹುಟ್ಟಿದ್ದು ಕೈಯಿಂದ. 1952ರ ಬೇಸಿಗೆಯ ಕೊನೆಗೆ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿತು. ಉಸಿರಾಟದ ಸ್ನಾಯುಗಳೇ ಸೋತ ಮಕ್ಕಳು ಬ್ಲೆಗ್ಡಾಮ್ ಆಸ್ಪತ್ರೆಗೆ ಸಾಲಾಗಿ ಬಂದರು. ಅಲ್ಲಿದ್ದ ಉಸಿರಾಟದ ಯಂತ್ರಗಳು ಬೆರಳೆಣಿಕೆಯಷ್ಟು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಗಂಟಲಿಗೆ ಕೊಳವೆ ಹಾಕಿಸಿ, ಅದಕ್ಕೆ ರಬ್ಬರ್ ಚೀಲ ಜೋಡಿಸಿ ಕೈಯಿಂದ ಒತ್ತುವ ಉಪಾಯ ತೋರಿಸಿದ. ಆದರೆ ಚೀಲ ಒತ್ತುವವರು ಯಾರು? ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ಹಗಲೂ ರಾತ್ರಿ ಒತ್ತಿದರು. ಒಟ್ಟು 1,65,000 ಗಂಟೆ ಎಂದು ಲೆಕ್ಕ ಇಟ್ಟಿದ್ದಾರೆ. ಆರಂಭದಲ್ಲಿ ನೂರಕ್ಕೆ 87ರಷ್ಟಿದ್ದ ಸಾವು ಅರ್ಧಕ್ಕೂ ಕೆಳಗಿಳಿಯಿತು. ಜಗತ್ತಿನ ಐಸಿಯುಗಳ ವಂಶವೃಕ್ಷ ಅಲ್ಲಿಂದ ಶುರು. ಆ ವಿದ್ಯಾರ್ಥಿಗಳಿಗೆ ಯಂತ್ರ ಇರಲಿಲ್ಲ, ಎದುರಿಗೆ ಒಂದು ಮಗುವಿನ ಮುಖ ಇತ್ತು. ತುಟಿ ನೀಲಿಯಾಗುತ್ತಿದೆಯೇ, ಎದೆ ಏಳುತ್ತಿದೆಯೇ ಎಂದು ನೋಡಿ ನೋಡಿ ಒತ್ತುತ್ತಿದ್ದರು. ಇಂದಿನ ಆರ್‌ಟಿಯೂ ಯಂತ್ರದ ಪರದೆಗಿಂತ ಮುಂಚೆ ನೋಡುವುದು ಅದನ್ನೇ.

ಅಮೆರಿಕದಲ್ಲಿ ಈ ಕೆಲಸಗಾರರು ಸಂಘ ಕಟ್ಟಿಕೊಂಡದ್ದು 1940ರ ದಶಕದಲ್ಲಿ, ಷಿಕಾಗೊದಲ್ಲಿ. ಸಿಲಿಂಡರ್ ತಳ್ಳಿಕೊಂಡು ಓಡಾಡುತ್ತಿದ್ದವರು ವೃತ್ತಿಪರರಾಗಿ, ಸರ್ಕಾರದ ಲೈಸೆನ್ಸ್ ಪಡೆಯುವಷ್ಟರಲ್ಲಿ ಮೂರೂವರೆ ದಶಕ ಕಳೆಯಿತು. ಕ್ಯಾಲಿಫೋರ್ನಿಯಾ 1982ರಲ್ಲಿ ಕಾನೂನು ಮಾಡಿ ದಾರಿ ತೆರೆಯಿತು. ಈಗ ಅಲಾಸ್ಕಾ ಒಂದನ್ನು ಬಿಟ್ಟರೆ ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಲೈಸೆನ್ಸ್ ಬೇಕು. ಕೆನಡಾದ ಒಂಟಾರಿಯೊ ಪ್ರಾಂತ 1991ರಲ್ಲಿ ಇವರಿಗಾಗಿಯೇ ಪ್ರತ್ಯೇಕ ಕಾಯ್ದೆ ಮಾಡಿತು. ಆ ಕಾಯ್ದೆಯನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಅದು ಎರಡು ಬೇರೆ ಬೇರೆ ಕಾವಲುಗಳನ್ನು ಹಾಕುತ್ತದೆ.

ಒಂದು, ಕೆಲಸಕ್ಕೆ ಕಾವಲು. ಗಂಟಲೊಳಗೆ ಕೊಳವೆ ಇಳಿಸುವಂಥ ಅಪಾಯದ ಕೆಲಸಗಳನ್ನು ಯಾರು ಮಾಡಬಹುದು ಎಂಬುದನ್ನು ಗೊತ್ತುಮಾಡುತ್ತದೆ. ಇನ್ನೊಂದು, ಹೆಸರಿಗೆ ಕಾವಲು. ‘ರೆಸ್ಪಿರೇಟರಿ ಥೆರಪಿಸ್ಟ್’ ಎಂಬ ಪದವನ್ನು ಅಲ್ಲಿನ ವೃತ್ತಿ ಮಂಡಳಿಯ ಪಟ್ಟಿಯಲ್ಲಿ ಇರುವವರ ಹೊರತು ಬೇರೆಯವರು ಬಳಸುವಂತಿಲ್ಲ. ಅದರ ಗಿಡ್ಡ ರೂಪವನ್ನೂ ಬೇರೆ ಭಾಷೆಯ ಅನುವಾದವನ್ನೂ ಬಳಸುವಂತಿಲ್ಲ. ಆ ಪಟ್ಟಿ ಸಾರ್ವಜನಿಕ. ರೋಗಿಯ ಮಗಳು ಮೊಬೈಲಿನಲ್ಲಿ ಹೆಸರು ಹಾಕಿ ನೋಡಿದರೆ ಆ ವ್ಯಕ್ತಿ ಪಟ್ಟಿಯಲ್ಲಿದ್ದಾರೆಯೇ, ಯಾವುದಾದರೂ ಶಿಸ್ತುಕ್ರಮ ಆಗಿದೆಯೇ ಎಂದು ತಿಳಿಯುತ್ತದೆ.

ಹೆಸರಿಗೆ ಕಾವಲು ಎಂದರೆ ಬರೀ ಪ್ರತಿಷ್ಠೆಯ ಜಗಳ ಎಂದು ಅನೇಕರು ಭಾವಿಸುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮೂರಿನಲ್ಲಿ ಸೂಲಗಿತ್ತಿಗೆ ಯಾರೂ ಸರ್ಟಿಫಿಕೇಟ್ ಕೊಟ್ಟಿರಲಿಲ್ಲ. ಅವಳ ಕೈಗುಣ ಊರಿಗೆ ಗೊತ್ತಿತ್ತು. ಅವಳು ಹಿಡಿದ ಮಕ್ಕಳು ಕಣ್ಣೆದುರೇ ಓಡಾಡುತ್ತಿದ್ದರು. ಮೂಳೆ ಕಟ್ಟುವವನೂ ಅಷ್ಟೇ. ಪರಿಚಯವೇ ಅಲ್ಲಿ ಲೈಸೆನ್ಸ್. ಘಾಟಿ ಇಳಿದ ಮೇಲೆ ಆ ಪರಿಚಯ ಇಲ್ಲ. ಬೇರೆ ಊರು, ಬೇರೆ ಭಾಷೆ, ಗಾಜಿನ ಬಾಗಿಲ ಆಚೆಗೆ ನೀಲಿ ಬಟ್ಟೆ ತೊಟ್ಟ ಅಪರಿಚಿತರು, ಒಳಗೆ ನಮ್ಮವರ ಉಸಿರು. ಯಾರು ಏನು ಕಲಿತವರು ಎಂದು ತಿಳಿಯಲು ನಮ್ಮ ಕೈಲಿರುವುದು ಎದೆಯ ಮೇಲಿನ ಆ ಪುಟ್ಟ ಬಿಲ್ಲೆ ಒಂದೇ. ಅದರ ಮೇಲಿನ ಪದಕ್ಕೆ ಕಾನೂನಿನ ಬಲ ಇಲ್ಲವೆಂದರೆ ನಮಗೆ ಏನೂ ಇಲ್ಲ.

ಭಾರತದಲ್ಲಿ ಆ ಬಲ ಬಹಳ ತಡವಾಗಿ ಬಂತು. ನರ್ಸುಗಳಿಗೆ 1947ರಲ್ಲಿ, ಔಷಧ ಅಂಗಡಿಯ ಫಾರ್ಮಸಿಸ್ಟರಿಗೆ 1948ರಲ್ಲಿ, ವಕೀಲರಿಗೆ 1961ರಲ್ಲಿ ಕೇಂದ್ರದ ಕಾಯ್ದೆ ಆಯಿತು. ವೆಂಟಿಲೇಟರ್ ನಡೆಸುವವರು, ಡಯಾಲಿಸಿಸ್ ಮಾಡುವವರು, ಲ್ಯಾಬಿನಲ್ಲಿ ರಕ್ತ ನೋಡುವವರು, ಎಕ್ಸ್‌ರೇ ತೆಗೆಯುವವರು ಮಾತ್ರ ದಶಕಗಟ್ಟಲೆ ‘ಪ್ಯಾರಾಮೆಡಿಕಲ್’ ಎಂಬ ಒಂದೇ ಮೂಟೆಯಲ್ಲಿ ಉಳಿದರು. 2021ರ ಮಾರ್ಚಿನಲ್ಲಿ ಸಂಸತ್ತು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಐವತ್ತಕ್ಕೂ ಹೆಚ್ಚು ವೃತ್ತಿಗಳನ್ನು ಹತ್ತು ವರ್ಗಗಳಲ್ಲಿ ಪಟ್ಟಿ ಮಾಡಿತು. ಅಲೈಡ್ ವೃತ್ತಿಯೆಂದರೆ ಕನಿಷ್ಠ 2,000 ಗಂಟೆಯ ಓದು, ಹೆಲ್ತ್‌ಕೇರ್ ವೃತ್ತಿಯೆಂದರೆ ಕನಿಷ್ಠ 3,600 ಗಂಟೆಯ ಪದವಿ ಎಂದು ಗೆರೆ ಎಳೆಯಿತು. ಪ್ರತಿ ರಾಜ್ಯಕ್ಕೂ ಒಂದು ಪರಿಷತ್ತು, ಅಲ್ಲಿ ಒಂದು ನೋಂದಣಿ ಪುಸ್ತಕ, ಅದರ ಹೆಸರುಗಳೆಲ್ಲ ಸೇರುವ ಕೇಂದ್ರದ ಪುಸ್ತಕ. ಪುಸ್ತಕದಲ್ಲಿಲ್ಲದವರು ಇದ್ದೇನೆಂದು ಹೇಳಿಕೊಂಡರೆ, ಹಾಗೆ ಅನ್ನಿಸುವಂಥ ಪದವನ್ನು ಹೆಸರಿನ ಜೊತೆ ಸೇರಿಸಿಕೊಂಡರೆ ದಂಡ. ಮರುಕಳಿಸಿದರೆ ಜೈಲೂ ಆಗಬಹುದು.

ನಮ್ಮ ಹುಡುಗ ಈ ಕಾಯ್ದೆಯ ಪಟ್ಟಿಯಲ್ಲಿ ‘ರೆಸ್ಪಿರೇಟರಿ ಟೆಕ್ನಾಲಜಿಸ್ಟ್’ ಎಂಬ ಹೆಸರಿನಲ್ಲಿದ್ದಾನೆ. ಥೆರಪಿಸ್ಟ್ ಅಲ್ಲ, ಟೆಕ್ನಾಲಜಿಸ್ಟ್. ಒಂದು ಕಾಲೇಜಿನ ಪದವಿ ಪತ್ರದಲ್ಲಿ ಥೆರಪಿ, ಇನ್ನೊಂದರಲ್ಲಿ ಕೇರ್ ಟೆಕ್ನಾಲಜಿ, ಕಾನೂನಿನಲ್ಲಿ ಟೆಕ್ನಾಲಜಿಸ್ಟ್, ಆಸ್ಪತ್ರೆಯ ಬಿಲ್ಲೆಯಲ್ಲಿ ಟೆಕ್ನಿಷಿಯನ್. ಪದದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದರೆ, ಬೇಕು. ಟೆಕ್ನಾಲಜಿಸ್ಟ್ ಎಂದರೆ ಯಂತ್ರ ಬಲ್ಲವನು, ಥೆರಪಿಸ್ಟ್ ಎಂದರೆ ರೋಗಿಗೆ ಚಿಕಿತ್ಸೆ ಮಾಡುವವನು. ಅತ್ತೆಯ ಆಕ್ಸಿಜನ್ ಇಳಿಸಿದ್ದು ಯಂತ್ರ ಬಲ್ಲದ್ದರಿಂದ ಅಲ್ಲ. ಅವಳ ರೋಗ ಬಲ್ಲದ್ದರಿಂದ. ಕಾವಲು ಹಾಕುವುದೇ ಆದರೆ ಸರಿಯಾದ ಹೆಸರಿಗೆ ಹಾಕಬೇಕಿತ್ತು ಎಂಬುದು ನನ್ನ ತಕರಾರು.

ಹೆಸರಿನ ಮುಂದೆ ಹಿಂದೆ ಏನು ಹಾಕಿಕೊಳ್ಳಬಹುದು ಎಂಬುದು ಈ ದೇಶದಲ್ಲಿ ಎಷ್ಟು ಬಿಸಿಯ ವಿಷಯ ಎಂಬುದಕ್ಕೆ 2025ರಲ್ಲೇ ಸಾಕ್ಷಿ ಸಿಕ್ಕಿತು. ಫಿಸಿಯೊಥೆರಪಿಸ್ಟರು ಹೆಸರಿನ ಮುಂದೆ ‘ಡಾ.’ ಬಳಸುವಂತಿಲ್ಲವೆಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸೆಪ್ಟೆಂಬರ್ 9ರಂದು ಪತ್ರ ಬರೆಯಿತು. ಮರುದಿನವೇ ಅದನ್ನು ಹಿಂತೆಗೆದುಕೊಂಡಿತು. ಆ ಗದ್ದಲದಲ್ಲಿ ಉಸಿರಾಟದ ಚಿಕಿತ್ಸಕರ ಸುದ್ದಿ ಯಾರೂ ಎತ್ತಲಿಲ್ಲ. ಅವರು ‘ಡಾ.’ ಕೇಳುತ್ತಿಲ್ಲ. ತಮ್ಮ ಓದಿನ ಹೆಸರನ್ನು ಕೇಳುತ್ತಿದ್ದಾರೆ, ಅಷ್ಟೇ.

ಕಾನೂನು ಬಂದರೂ ಜಾರಿ ತೆವಳಿತು. ಆರು ತಿಂಗಳಲ್ಲಿ ರಾಜ್ಯ ಪರಿಷತ್ತು ರಚಿಸಬೇಕೆಂದು ಕಾಯ್ದೆಯೇ ಹೇಳಿತ್ತು. ಮೂರು ವರ್ಷದ ಮೇಲೆ, 2024ರ ಆಗಸ್ಟಿನಲ್ಲಿ, ವೈದ್ಯಕೀಯ ತಂತ್ರಜ್ಞರ ಸಂಘಟನೆಯೊಂದು ಹೂಡಿದ ಅರ್ಜಿಯ ವಿಚಾರಣೆಯಲ್ಲಿ, 14 ರಾಜ್ಯಗಳಷ್ಟೇ ಪರಿಷತ್ತು ರಚಿಸಿವೆ ಎಂಬುದು ಸುಪ್ರೀಂ ಕೋರ್ಟಿನ ಮುಂದೆ ಬಂತು. ಅವು ಕೂಡ ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ. ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಎರಡು ತಿಂಗಳ ಗಡುವು ಕೊಟ್ಟಿತು.

ಕಾಯ್ದೆ ಬಂದ ಅದೇ ವರ್ಷ ನಮ್ಮ ಮಗ್ಗುಲಲ್ಲೇ ಏನಾಯಿತು ಎಂಬುದನ್ನು ಗಡಿ ಸೀಮೆಯ ಯಾರೂ ಮರೆತಿಲ್ಲ. 2021ರ ಮೇ 2ರ ರಾತ್ರಿಯಿಂದ ಮರುದಿನದ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ತೀರಿಹೋದರು. ಆಕ್ಸಿಜನ್ ಬರಬೇಕಾದ ಹೊತ್ತಿಗೆ ಬರಲಿಲ್ಲ. ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದಲ್ಲಿ ಹೈಕೋರ್ಟ್ ತನಿಖಾ ಸಮಿತಿ ನೇಮಿಸಿತು. ಅದು ಪೂರೈಕೆಯ ದುರಂತ. ಯಾವ ಥೆರಪಿಸ್ಟ್ ಇದ್ದರೂ ಇಲ್ಲದ ಅನಿಲವನ್ನು ಹುಟ್ಟಿಸುತ್ತಿರಲಿಲ್ಲ, ಆ ಸಾವುಗಳನ್ನು ನನ್ನ ವಾದಕ್ಕೆ ಎಳೆದುಕೊಳ್ಳಲಾರೆ. ಆದರೆ ಆ ರಾತ್ರಿಯ ನಂತರ ಗಡಿಯ ಎರಡೂ ಕಡೆಯ ಹಳ್ಳಿಗಳಲ್ಲಿ ಜನ ಲೀಟರ್, ಸಿಲಿಂಡರ್, ಸ್ಯಾಚುರೇಶನ್ ಎಂಬ ಪದಗಳನ್ನು ಕಲಿತರು. ಆಕ್ಸಿಜನ್ ಕಾನ್ಸನ್‌ಟ್ರೇಟರ್ ಕೊಂಡು ಮನೆಯ ಮೂಲೆಯಲ್ಲಿಟ್ಟರು. ಅವು ಈಗಲೂ ಇವೆ. ಎಷ್ಟು ಲೀಟರ್ ಇಡಬೇಕು, ಕರೆಂಟ್ ಹೋದರೆ ಏನು ಮಾಡಬೇಕು, ಗೂರಲು ಇರುವವರಿಗೆ ಎಲ್ಲಿ ನಿಲ್ಲಿಸಬೇಕು ಎಂದು ಹೇಳಿಕೊಡುವವರು ಮಾತ್ರ ಯಂತ್ರದ ಜೊತೆ ಬರಲಿಲ್ಲ. ದೇಶಕ್ಕೂ ಇದೇ ಮಾತು. 2020ರ ಮೇನಲ್ಲಿ ಪಿಎಂ ಕೇರ್ಸ್ ನಿಧಿಯಿಂದ 2,000 ಕೋಟಿ ರೂಪಾಯಿಗೆ 50,000 ವೆಂಟಿಲೇಟರ್ ಎಂದು ಘೋಷಿಸಿದರು. ನಡೆಸುವವರಿಲ್ಲದೆ ಪೆಟ್ಟಿಗೆಯಲ್ಲೇ ಉಳಿದ ವೆಂಟಿಲೇಟರುಗಳ ಸುದ್ದಿ ಮರುವರ್ಷ ಊರೂರಿಂದ ಬಂತು.

ನರ್ಸುಗಳನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾಗುತ್ತದೆ. ಸಣ್ಣ ಆಸ್ಪತ್ರೆಗಳಲ್ಲಿ ಈ ಕೆಲಸವನ್ನೆಲ್ಲ ಮಾಡಿಕೊಂಡು ಬಂದವರು ಅವರೇ, ಜೊತೆಗೆ ಅರಿವಳಿಕೆ ವಿಭಾಗದ ತಂತ್ರಜ್ಞರು. ಹೆಸರಿಗೆ ಕಾವಲು ಹಾಕುವಾಗ ಇಂಥವರ ಅನುಭವವನ್ನು ಬಾಗಿಲ ಹೊರಗೆ ನಿಲ್ಲಿಸಬಾರದು. ತಾಳವಾಡಿಯಂಥ ಕಡೆ ಸಿಗುವ ಇಬ್ಬರು ಮೂವರನ್ನೂ ಕಾನೂನಿನ ಹೆಸರಿನಲ್ಲಿ ಹೆದರಿಸಿ ಓಡಿಸಿದರೆ ಉಳಿಯುವುದು ಶೂನ್ಯ.

ಇನ್ನೊಂದು ವಿಷಯ ಇದೆ, ನೋಂದಣಿಯ ನಮೂನೆಗಳಲ್ಲಿ ಅದಕ್ಕೆ ಜಾಗವೇ ಇಲ್ಲ: ಭಾಷೆ.

ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೊಮೆಟ್ರಿ ಪರೀಕ್ಷೆಯನ್ನು ನೋಡಿ. ಕೊಳವೆಯನ್ನು ತುಟಿಯಲ್ಲಿ ಕಚ್ಚಿ, ಎದೆ ತುಂಬ ಎಳೆದುಕೊಂಡು, ಒಮ್ಮೆಲೇ ರಭಸದಿಂದ ಊದಬೇಕು. ಗೂರಲಿನವರಾದರೆ ಆರು ಸೆಕೆಂಡು, ಅದಕ್ಕೂ ಹೆಚ್ಚು ಊದುತ್ತಲೇ ಇರಬೇಕು. ಸರಿಯಾದ ಮೂರು ಊದು ಸಿಗುವವರೆಗೆ ಮತ್ತೆ ಮತ್ತೆ. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಗಾಳಿಯ ನೂರಕ್ಕೆ 70ಕ್ಕಿಂತ ಕಡಿಮೆಯಾದರೆ ಶ್ವಾಸನಾಳ ಕಟ್ಟಿಕೊಂಡಿದೆ ಎಂದು ಅರ್ಥ. ಯಂತ್ರ ಎಷ್ಟೇ ಒಳ್ಳೆಯದಿರಲಿ, ಪಕ್ಕದಲ್ಲಿ ನಿಂತವರು ‘ಊದು, ಊದು, ಬಿಡಬೇಡ, ಇನ್ನೂ ಊದವ್ವ’ ಎಂದು ಹುರಿದುಂಬಿಸಿ ಹೇಳದಿದ್ದರೆ, ಅದು ರೋಗಿಗೆ ಅರ್ಥವಾಗದಿದ್ದರೆ, ಬರುವ ಅಂಕಿ ಸುಳ್ಳು. ಹೆಚ್ಚು ಓದದ, ತಮಿಳು ಸರಿಯಾಗಿ ಬಾರದ ತಾಳವಾಡಿಯ ಮುದುಕಿಗೆ ಪೆರುಂದುರೈನಲ್ಲೋ ಕೊಯಮತ್ತೂರಿನಲ್ಲೋ ಆ ಮಾತನ್ನು ಯಾರು ಹೇಳಬೇಕು? ಒಂಟಾರಿಯೊದಲ್ಲಿ ನೋಂದಣಿಗೆ ಇಂಗ್ಲಿಷ್ ಇಲ್ಲವೇ ಫ್ರೆಂಚಿನಲ್ಲಿ ವ್ಯವಹರಿಸುವ ಶಕ್ತಿಯೂ ಒಂದು ಷರತ್ತು. ಅಲ್ಲಿನವರು ಭಾಷೆಯನ್ನು ಶಿಷ್ಟಾಚಾರ ಎಂದು ಬಗೆದಿಲ್ಲ, ಚಿಕಿತ್ಸೆಯ ಸಲಕರಣೆ ಎಂದು ಬಗೆದಿದ್ದಾರೆ. ಗಡಿ ಜಿಲ್ಲೆಯ ಆಸ್ಪತ್ರೆಗಳಲ್ಲಿ ಎರಡು ಭಾಷೆ ಬಲ್ಲ ಆರ್‌ಟಿಗೆ ಆದ್ಯತೆ ಕೊಡಲು ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ. ನೇಮಕಾತಿಯ ಪ್ರಕಟಣೆಯಲ್ಲಿ ಒಂದು ಸಾಲು ಸಾಕು.

ಆ ಹುಡುಗನ ತೊದಲುಗನ್ನಡ ನನಗೆ ಇನ್ನೂ ಕಿವಿಯಲ್ಲಿದೆ. ಕನ್ನಡದ ‘ಉಸಿರು’ ಎಂಬ ಪದ ಅವನಿಗೆ ತಿಳಿದಿರಲಿಲ್ಲ. ತಮಿಳಿನಲ್ಲಿ ಉಸಿರಿಗೆ ಮೂಚ್ಚು ಎನ್ನುತ್ತಾರೆ. ನಾವು ಉಸಿರು, ಉಸಿರು ಎನ್ನುತ್ತಿದ್ದದ್ದು ಅವನಿಗೆ ‘ಉಯಿರ್’ ಎಂದು ಕೇಳಿಸುತ್ತಿತ್ತು. ತಮಿಳಿನ ಉಯಿರ್ ಎಂದರೆ ಜೀವ. ಎರಡೂ ಒಂದೇ ಬೇರಿನ ಪದಗಳು. ಒಂದೇ ದ್ರಾವಿಡ ಮೂಲದಿಂದ ಹೊರಟು ನಮ್ಮಲ್ಲಿ ಉಸಿರಾಯಿತು, ಅವರಲ್ಲಿ ಜೀವವಾಯಿತು. ‘ಉಸಿರು ಉಳಿಸಿಕೊಡಪ್ಪ’ ಎಂದು ಅತ್ತೆಯ ಮಗ ಕೈಮುಗಿದಾಗ ಹುಡುಗ ಕೇಳಿಸಿಕೊಂಡದ್ದು ಜೀವ ಎಂದೇ. ತಪ್ಪೇನೂ ಕೇಳಿಸಿಕೊಳ್ಳಲಿಲ್ಲ.

ಈಗ ತಾಳವಾಡಿಯ ಹುಡುಗಿಯೊಬ್ಬಳು ಪಿಯುಸಿ ಮುಗಿಸಿ ಈ ಓದಿಗೆ ಹೋಗಬೇಕೆಂದುಕೊಂಡಳು ಎನ್ನಿ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಓದಿದರೆ ಪದವಿ ಕರ್ನಾಟಕದ್ದು. ಕೆಲಸ ಈರೋಡಿನಲ್ಲಿ ಸಿಕ್ಕರೆ ನೋಂದಣಿ ತಮಿಳುನಾಡಿನ ಪುಸ್ತಕದಲ್ಲಿ. ಎರಡೂ ರಾಜ್ಯಗಳ ಪುಸ್ತಕದ ಹೆಸರುಗಳು ಕೇಂದ್ರದ ಒಂದೇ ಪುಸ್ತಕಕ್ಕೆ ಸೇರಬೇಕೆಂದು ಕಾಯ್ದೆ ಹೇಳುತ್ತದೆ. ಆ ಪುಸ್ತಕ ಸರಿಯಾಗಿ ತುಂಬಿದರೆ ಗಡಿಯವರಿಗೆ ಅದಕ್ಕಿಂತ ದೊಡ್ಡ ಅನುಕೂಲ ಬೇರೆಯಿಲ್ಲ. ಗೆರೆಯ ಈಚೆ ಆಚೆ ಬದುಕುವವರಿಗೆ ಒಂದೇ ಹೆಸರು ಎರಡೂ ಕಡೆ ನಡೆಯಬೇಕು. ಇನ್ನು ಓದು ಮುಗಿಸಿದವಳು ತಾಳವಾಡಿಗೇ ವಾಪಸು ಬರುವಂತೆ ಒಂದು ಹುದ್ದೆ ಬೇಕು. ತಮಿಳುನಾಡಿನಲ್ಲಿ 2021ರ ಆಗಸ್ಟಿನಿಂದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಫಿಸಿಯೊಥೆರಪಿ ಮನೆಬಾಗಿಲಿಗೆ ಬರುತ್ತಿದೆ. ಬಿ.ಪಿ., ಸಕ್ಕರೆಯ ಮಾತ್ರೆಯೂ ಬರುತ್ತಿದೆ. ಒಲೆಯ ಹೊಗೆಗೆ ಶ್ವಾಸಕೋಶ ಕೊಟ್ಟ ಹೆಂಗಸರ ಮನೆಗೆ ಉಸಿರಾಟದ ಚಿಕಿತ್ಸಕಿಯೊಬ್ಬಳು ತಿಂಗಳಿಗೊಮ್ಮೆ ಬಂದು ಇನ್‌ಹೇಲರ್ ಎಳೆದುಕೊಳ್ಳುವ ರೀತಿ ತಿದ್ದಿದರೆ, ಎಷ್ಟೋ ನಡುರಾತ್ರಿಯ ಘಾಟಿ ಪಯಣ ತಪ್ಪುತ್ತದೆ. ಇನ್‌ಹೇಲರನ್ನು ಬಾಯಿಗೆ ಸ್ಪ್ರೇ ಹೊಡೆದುಕೊಂಡು ನುಂಗುವವರನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ಅತ್ತೆ ನಾಲ್ಕನೇ ದಿನ ಕಣ್ಣು ಬಿಟ್ಟು ಕಾಫಿ ಕೇಳಿದಳು. ಆರನೇ ದಿನ ವಾರ್ಡಿಗೆ ಬಂದಳು. ಹೊರಡುವ ಮುಂಚೆ ಆ ಹುಡುಗನನ್ನು ಕರೆಸಿ ಪಕ್ಕಕ್ಕೆ ಕೂರಿಸಿಕೊಂಡು, ‘ಏನ್ ಕೆಲ್ಸ ಮಗಾ ನಿಂದು?’ ಎಂದು ಕೇಳಿದಳು. ಅವನು ಸ್ವಲ್ಪ ತಡೆದು, ‘ಟೆಕ್ನಿಷಿಯನ್ ಅಂತ ಹೇಳ್ತಾರೆ ಅಮ್ಮಾ’ ಎಂದ. ಹೇಳ್ತಾರೆ ಎಂದ, ‘ನಾನು’ ಎನ್ನಲಿಲ್ಲ. ಮರುವರ್ಷ ನಾವು ತಪಾಸಣೆಗೆ ಹೋದಾಗ ಅವನಿರಲಿಲ್ಲ. ಕೊಲ್ಲಿ ದೇಶಕ್ಕೆ ಹೋಗುವ ತಯಾರಿಯಲ್ಲಿದ್ದನಂತೆ. ಸೌದಿಯಲ್ಲಿ ಈ ಕೆಲಸಕ್ಕೆ ಆರೋಗ್ಯ ವೃತ್ತಿಗಳ ಆಯೋಗದ ಪರೀಕ್ಷೆ ಇದೆ, ವರ್ಗೀಕರಣ ಇದೆ, ನೋಂದಣಿ ಇದೆ. ಬಿಲ್ಲೆಯ ಮೇಲೆ ಪೂರ್ತಿ ಹೆಸರು ಬರುತ್ತದೆ.

ಅತ್ತೆ ಈಗಲೂ ಒಮ್ಮೊಮ್ಮೆ ಜಗುಲಿಯ ಮೇಲೆ ಕೂತು ಕೇಳುತ್ತಾಳೆ: ‘ಆ ಐದ ಎಲ್ಲವ್ನೋ ಏನೋ. ಉಸ್ರು ಕೊಟ್ಟೋನ್ ಕೆಲ್ಸದ್ ಎಸ್ರೇ ಗೊತ್ತಾಗ್ನಿಲ್ವಲ್ಲ ನಂಗ.’ ಹೋದ ಸಲ ಊರಿಗೆ ಹೋದಾಗ ಹೇಳಿದೆ: ರೆಸ್ಪಿರೇಟರಿ ಥೆರಪಿಸ್ಟ್. ಅವಳು ತುಟಿಯಲ್ಲೇ ಎರಡು ಸಲ ಹೊರಳಿಸಿ ನೋಡಿ, ‘ಇನ್ನೊಂದ್ಸಲ ಯೋಳು’ ಎಂದಳು. ನಿಧಾನಕ್ಕೆ, ಬಿಡಿಸಿ ಬಿಡಿಸಿ ಹೇಳಿದೆ.